ಇಲಿ ಎಲ್ಲಿಂದ ಬಂತು ಎಂದು ಮೊದಲು ನೋಡಿ

ಕೀಟ ಮತ್ತು ಇಲಿ ನಿಯಂತ್ರಣದ ಕೆಲಸದಲ್ಲಿ ನನಗೆ ಇಪ್ಪತ್ತೆಂಟು ವರ್ಷ ಕಳೆದಿವೆ. ಮೊದಲ ಒಂಬತ್ತು ವರ್ಷ ಬೆನ್ನಿಗೆ ಔಷಧದ ಡಬ್ಬಿ ಕಟ್ಟಿಕೊಂಡು ಮನೆ ಮನೆ ತಿರುಗಿದ್ದೇನೆ. ಆಮೇಲೆ ಡಬ್ಬಿ ಕೆಳಗಿಟ್ಟು ಟಾರ್ಚ್ ಹಿಡಿಯಲು ಕಲಿತೆ. ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳುವುದು ಒಂದೇ: ಯಾವ ಔಷಧ ಹಾಕಬೇಕು? ನಾನು ಅದಕ್ಕೂ ಹಿಂದಿನ ಪ್ರಶ್ನೆಯಿಂದ ಉತ್ತರ ಶುರು ಮಾಡಿದ್ದೇನೆ. ಬರೆದವರು ಬೇಸರಿಸಬಾರದು.

ಪ್ರಶ್ನೆ: ನಮ್ಮ ಉಗ್ರಾಣದಲ್ಲಿ ಇಲಿಗಳ ಕಾಟ. ಇಲಿ ಪಾಷಾಣದ ಬಿಲ್ಲೆಗಳನ್ನು ತಂದು ಮೂಲೆ ಮೂಲೆಗೆ ಇಟ್ಟೆವು. ವಾರದೊಳಗೆ ಪಕ್ಕದ ಮನೆಯ ಬೆಕ್ಕಿನ ಒಸಡಿನಿಂದ ರಕ್ತ ಬರತೊಡಗಿದೆ. ಬೆಕ್ಕು ಬಿಲ್ಲೆಯನ್ನು ಮುಟ್ಟಿಯೇ ಇಲ್ಲ. ಹಾಗಿದ್ದೂ ನಮ್ಮಿಂದಲೇ ಆಯಿತು ಎನ್ನುತ್ತಾರೆ. ಇದು ನಿಜವೇ?
— ಉಗ್ರಾಣದ ಮೇಲ್ವಿಚಾರಕರೊಬ್ಬರು

ಉತ್ತರ: ಇವರಿಗೆ ಪತ್ರ ಸಿಕ್ಕ ದಿನವೇ ಫೋನ್ ಮಾಡಿ ಹೇಳಿದ್ದೇನೆ. ಮುಂದೆ ಇನ್ನೊಬ್ಬರಿಗೆ ಬೇಕಾದೀತೆಂದು ಇಲ್ಲಿಯೂ ಬರೆಯುತ್ತಿದ್ದೇನೆ. ನಿಜ ಇರುವ ಸಾಧ್ಯತೆ ಬಹಳ. ಪಾಷಾಣದ ಖಾಲಿ ಪೊಟ್ಟಣವನ್ನು ಹಿಡಿದುಕೊಂಡು ತಡಮಾಡದೆ ಪಶುವೈದ್ಯರ ಬಳಿ ಹೋಗಬೇಕು. ಯಾವ ವಿಷ ಎಂದು ಅವರಿಗೆ ಹೆಸರಿನಿಂದಲೇ ತಿಳಿಯಬೇಕು. ಈ ಜಾತಿಯ ವಿಷಕ್ಕೆ ವಿಟಮಿನ್ ಕೆ1 ಎಂಬ ಮದ್ದಿದೆ. ಆದರೆ ಒಂದು ಚುಚ್ಚುಮದ್ದಿಗೆ ಮುಗಿಯುವುದಿಲ್ಲ, ಎಷ್ಟೋ ಸಲ ವಾರಗಟ್ಟಲೆ ಕೊಡಬೇಕಾಗುತ್ತದೆ.

ಬಿಲ್ಲೆ ಮುಟ್ಟದ ಬೆಕ್ಕಿಗೆ ವಿಷ ಹೋದದ್ದು ಇಲಿಯ ಮೂಲಕ. ಈ ವಿಷದ ಕಥೆ ಶುರುವಾಗುವುದೇ ಹಸುವಿನಿಂದ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ಸಣ್ಣ ಗಾಯಕ್ಕೂ ರಕ್ತ ಸುರಿಸಿ ಸಾಯುತ್ತಿದ್ದವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಪಾಲ್ ಲಿಂಕ್ ಮತ್ತು ಅವರ ಸಂಗಡಿಗರು ಆ ಮೇವಿನಲ್ಲಿ ರಕ್ತ ಹೆಪ್ಪುಗಟ್ಟಲು ಬಿಡದ ವಸ್ತುವನ್ನು ಪತ್ತೆ ಹಚ್ಚಿದರು. ಅದರ ಬೆನ್ನು ಹಿಡಿದು ಹುಟ್ಟಿದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಯಿತು, 1954ರಲ್ಲಿ ಮನುಷ್ಯರ ಔಷಧವೂ ಆಯಿತು. ದನ, ಇಲಿ, ಮನುಷ್ಯ ಮೂವರ ರಕ್ತವೂ ಒಂದೇ ನಿಯಮಕ್ಕೆ ಕಟ್ಟುಬಿದ್ದಿದೆ; ಬೆಕ್ಕಿನದೂ ಹಾಗೆಯೇ.

ವಾರ್ಫರಿನ್‌ಗೆ ಇಲಿಗಳು ಒಗ್ಗಿಕೊಂಡ ಮೇಲೆ ಬಂದ ಬ್ರೋಡಿಫಕೂಮ್, ಬ್ರೋಮಡಯೋಲೋನ್‌ಗಳು ಇನ್ನೂ ಗಟ್ಟಿ. ಒಂದು ಸಲ ತಿಂದರೆ ಸಾಕು, ಆದರೆ ಇಲಿ ಕೂಡಲೇ ಸಾಯುವುದಿಲ್ಲ. ಮತ್ತೆ ಕೆಲವು ದಿನ ಓಡಾಡಿಕೊಂಡಿದ್ದು, ಮತ್ತಷ್ಟು ತಿಂದು, ಕೊನೆಗೆ ನಿತ್ರಾಣವಾಗಿ ಹಗಲಿನಲ್ಲೇ ಬಯಲಿಗೆ ಬರುತ್ತದೆ. ಬೆಕ್ಕಿಗೂ ಗೂಬೆಗೂ ಅದಕ್ಕಿಂತ ಸುಲಭದ ಬೇಟೆ ಯಾವುದಿದೆ? ಬ್ರೋಡಿಫಕೂಮ್‌ನಂಥ ವಿಷ ತಿಂದ ಪ್ರಾಣಿಯ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಒಂದೊಂದೇ ಇಲಿಯಿಂದ ಬಂದ ವಿಷ ಅಲ್ಲಿ ಜಮೆಯಾಗುತ್ತಾ ಹೋಗುತ್ತದೆ.

ಇದನ್ನು ನಾನು ಓದಿ ಕಲಿಯಲಿಲ್ಲ. ಕೆಲಸಕ್ಕೆ ಸೇರಿದ ಎಂಟನೆಯ ವರ್ಷ ಒಂದು ದೊಡ್ಡ ಗೋದಾಮು ನನ್ನ ಪಾಲಿಗೆ ಬಂದಿತ್ತು. ಅಲ್ಲಿನ ತೊಲೆಯ ಮೇಲೆ ಒಂದು ಕಣಜ ಗೂಬೆ ಕೂರುತ್ತಿತ್ತು. ಅದು ಉಗುಳಿದ ಕಪ್ಪು ಉಂಡೆಗಳು ಕೆಳಗೆ ಬಿದ್ದಿರುತ್ತಿದ್ದವು. ಒಂದನ್ನು ಮನೆಗೆ ತಂದು ನೀರಿನಲ್ಲಿ ನೆನೆಸಿ ಬಿಡಿಸಿದೆ. ರೋಮದ ಮುದ್ದೆಯೊಳಗೆ ನಾಲ್ಕು ಪುಟ್ಟ ತಲೆಬುರುಡೆಗಳು, ಬಾಚಿಹಲ್ಲುಗಳು ಹಾಗೆಯೇ ಇದ್ದವು. ಒಂದೇ ಉಂಡೆಯಲ್ಲಿ ನಾಲ್ಕು ಇಲಿ! ನಾನು ಒಂದು ರಾತ್ರಿಯಲ್ಲಿ ಅಷ್ಟು ಹಿಡಿದವನಲ್ಲ. ಹಾಗಿದ್ದೂ ಗೋದಾಮಿನ ತುಂಬ ವಿಷದ ಬಿಲ್ಲೆ ಇಟ್ಟೆ. ಅದು ಆಗಿನ ರೂಢಿ. ಎರಡು ತಿಂಗಳಲ್ಲಿ ಆ ಗೂಬೆ ತೊಲೆಯ ಕೆಳಗೆ ಸತ್ತುಬಿದ್ದಿತ್ತು. ಪಶುವೈದ್ಯರು ಕೊಯ್ದು ತೋರಿಸಿದರು: ಎದೆಗೂಡಿನ ತುಂಬ ಹೆಪ್ಪುಗಟ್ಟದ ರಕ್ತ. ವಿಷ ಇಟ್ಟ ಕೈ ನನ್ನದು. ಮುಂದಿನ ವರ್ಷ ಅಲ್ಲಿ ಇಲಿಗಳು ಮತ್ತೆ ತುಂಬಿಕೊಂಡವು, ಗೂಬೆ ಮಾತ್ರ ಮತ್ತೆ ಬರಲಿಲ್ಲ.

ಈಗ ನಿಮ್ಮ ಉಗ್ರಾಣ. ಉಳಿದ ಬಿಲ್ಲೆಗಳನ್ನು ಕೈಗವಸು ಹಾಕಿಕೊಂಡು ಎತ್ತಿ ಭದ್ರವಾಗಿಡಿ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಗೋಡೆಯ ಬುಡಕ್ಕೇ ನಡೆಯಿರಿ. ಇಲಿ ನಡುಮನೆ ದಾಟುವ ಪ್ರಾಣಿಯಲ್ಲ, ಗೋಡೆಗೆ ಮೈ ಉಜ್ಜಿಕೊಂಡೇ ಓಡುತ್ತದೆ. ಹಾಗಾಗಿ ಅದರ ದಾರಿಯಲ್ಲಿ ಜಿಡ್ಡು ಹತ್ತಿದ ಕಪ್ಪು ಪಟ್ಟಿ ಬಿದ್ದಿರುತ್ತದೆ. ಆ ಪಟ್ಟಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಕಿಂಡಿ ಇದೆ. ಹೆಬ್ಬೆರಳು ತೂರುವ ಕಿಂಡಿ ಹೆಗ್ಗಣದ ಮರಿಗೆ ಸಾಕು, ಪೆನ್ಸಿಲ್ ತೂರಿದರೆ ಚಿಟ್ಟಿಲಿಗೆ ಸಾಕು. ಉಕ್ಕಿನ ನಾರು ತುರುಕಿ ಮೇಲೆ ಸಿಮೆಂಟ್ ಬಳಿಯಿರಿ. ಬರೀ ಬಟ್ಟೆ, ಮರದ ಚೂರು ಇಟ್ಟರೆ ಕೊರೆದು ಹಾಕುತ್ತದೆ. ಚೀಲಗಳನ್ನು ನೆಲದಿಂದ ಎತ್ತಿ, ಗೋಡೆಯಿಂದ ಒಂದು ಮೊಳ ದೂರಕ್ಕೆ ಸರಿಸಿ. ಒಳಗೆ ಉಳಿದವಕ್ಕೆ ಗೋಡೆಗೆ ಅಡ್ಡಲಾಗಿ ಸ್ಪ್ರಿಂಗ್ ಬೋನು ಇಡಿ, ಒಂದೆರಡಲ್ಲ, ಮೊದಲ ದಿನವೇ ಹತ್ತಿಪ್ಪತ್ತು. ಹೆಣ್ಣಿಲಿಗೆ ಗಬ್ಬ ನಿಂತರೆ ಮೂರೇ ವಾರದಲ್ಲಿ ಮರಿ. ನಿಧಾನವಾಗಿ ಹಿಡಿಯುತ್ತಾ ಹೋದರೆ ಲೆಕ್ಕ ಎಂದೂ ಮುಗಿಯದು.

ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡಿ. ಒಣ ಹಿಕ್ಕೆಯ ಧೂಳಿನಲ್ಲಿ ಹಂಟಾ ವೈರಸ್ ಇರಬಹುದು. ಬ್ಲೀಚಿಂಗ್ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಒದ್ದೆಯಾಗಿಯೇ ಒರೆಸಿ ತೆಗೆಯಿರಿ. ಕಾಲಿನಲ್ಲಿ ಗಾಯವಿದ್ದವರು ಬರಿಗಾಲಿನಲ್ಲಿ ಅಲ್ಲಿ ಇಳಿಯಬಾರದು. ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿ ಜ್ವರ ಮನುಷ್ಯರಿಗೂ ಬರುತ್ತದೆ, ನಾಯಿಗೂ ದನಕ್ಕೂ ಬರುತ್ತದೆ. ಇಲಿಯನ್ನು ಹತೋಟಿಯಲ್ಲಿಡಲೇಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೇ. ಹೇಗೆ ಎಂಬುದರಲ್ಲಷ್ಟೇ ನನ್ನ ತಕರಾರು.

ಪ್ರಶ್ನೆ: ನಮ್ಮ ವಸತಿ ಸಮುಚ್ಚಯದಲ್ಲಿ ವಾರಕ್ಕೊಮ್ಮೆ ಹೊಗೆ ಯಂತ್ರ ಓಡಿಸುತ್ತೇವೆ. ಆದರೂ ಮೂವರಿಗೆ ಡೆಂಗಿ ಆಗಿದೆ. ಹೊಗೆ ಸಾಲದೇ?
— ನಿವಾಸಿಗಳ ಸಂಘದ ಕಾರ್ಯದರ್ಶಿ

ಉತ್ತರ: ಹೊಗೆ ಆ ಗಳಿಗೆಯಲ್ಲಿ ಹಾರುತ್ತಿರುವ, ತುಂತುರು ತಗುಲಿದ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಆಗ ನಿಮ್ಮ ಬಟ್ಟೆಯ ಕಪಾಟಿನಲ್ಲೋ ಮಂಚದಡಿಯಲ್ಲೋ ಕುಳಿತಿರುತ್ತದೆ. ನೀರಿನಲ್ಲಿರುವ ಅದರ ಮರಿಗಳಿಗೆ ಹೊಗೆ ಹಾಕಿದ್ದೇ ತಿಳಿಯದು. ಬೀದಿಯಲ್ಲಿ ಸತ್ತು ಬೀಳುವುದು ಏರೋಪ್ಲೇನ್ ಚಿಟ್ಟೆ, ಜೇನ್ನೊಣ. ಸೊಳ್ಳೆಯ ಮರಿಯನ್ನು ನೀರಿನಲ್ಲಿ, ದೊಡ್ಡ ಸೊಳ್ಳೆಯನ್ನು ಗಾಳಿಯಲ್ಲಿ ಹಿಡಿದು ತಿನ್ನುವ ಏರೋಪ್ಲೇನ್ ಚಿಟ್ಟೆಯನ್ನು ಕೊಂದು ಸೊಳ್ಳೆಯನ್ನು ಉಳಿಸಿದಂತಾಯಿತು.

ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಹೂಕುಂಡದ ಕೆಳಗಿನ ತಟ್ಟೆಯನ್ನು ಅಲುಗಿಸದೆ ಬಗ್ಗಿ ನೋಡಿ. ಮೊದಲು ಬರೀ ನೀರು ಕಾಣುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿಯಿರಿ. ನೀರಿನ ಮೇಲ್ಪದರಕ್ಕೆ ಬಾಲ ತಗುಲಿಸಿ ತಲೆಕೆಳಗಾಗಿ ನೇತಾಡುವ, ದಾರದ ಎಳೆಯಂಥ ಹುಳುಗಳು ಕಾಣುತ್ತವೆ. ನಿಮ್ಮ ನೆರಳು ಬಿದ್ದದ್ದೇ ತಡ, ಮೈ ತಿರುಚಿಕೊಂಡು ತಳಕ್ಕೆ ಇಳಿಯುತ್ತವೆ. ಸುಮ್ಮನೆ ಕಾಯಿರಿ, ಉಸಿರಾಡಲು ಒಂದೊಂದಾಗಿ ಮೇಲೆ ಬರುತ್ತವೆ. ಮೊಟ್ಟೆಯಿಂದ ಸೊಳ್ಳೆಯಾಗಲು ಬೆಚ್ಚಗಿನ ದಿನಗಳಲ್ಲಿ ಏಳೆಂಟು ದಿನ ಸಾಕು. ಅಲ್ಲಿಗೆ ವಾರಕ್ಕೊಂದು ದಿನ ನೀವು ಬರಿದು ಮಾಡದ ಪ್ರತಿ ತಟ್ಟೆಯೂ ಸೊಳ್ಳೆಯ ತೊಟ್ಟಿಲು. ಬರಿದು ಮಾಡಿದರಷ್ಟೇ ಸಾಲದು, ಒಳಗೋಡೆಯನ್ನು ಉಜ್ಜಬೇಕು. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿಗೆ ಸ್ವಲ್ಪ ಮೇಲೆ. ಆ ಕಪ್ಪು ಚುಕ್ಕೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ನೀರು ಮುಟ್ಟಿದ ಕೂಡಲೇ ಒಡೆಯುತ್ತವೆ.

ಇದು ಹೊಸ ಮಾತೇನಲ್ಲ. ಹಳದಿ ಜ್ವರವನ್ನು ಇದೇ ಈಡಿಸ್ ಸೊಳ್ಳೆ ಹರಡುತ್ತದೆ ಎಂದು ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲೇ ಹೇಳಿದರು, ಬಹುಕಾಲ ಯಾರೂ ಕಿವಿಗೊಡಲಿಲ್ಲ. 1900ರಲ್ಲಿ ಅಮೆರಿಕ ಸೇನೆಯ ವೈದ್ಯ ವಾಲ್ಟರ್ ರೀಡ್ ಅವರ ತಂಡ ಅದನ್ನು ಸಾಬೀತು ಮಾಡಿತು. ಮರುವರ್ಷ ಹವಾನಾ ನಗರದಲ್ಲಿ ಅದೇ ಸೇನೆಯ ವೈದ್ಯ ವಿಲಿಯಂ ಗೋರ್ಗಸ್ ರೋಗಿಗಳ ಮನೆಗೆ ಹೊಗೆಯನ್ನೂ ಹಾಕಿಸಿದರು, ಆದರೆ ಅಲ್ಲಿಗೆ ನಿಲ್ಲಲಿಲ್ಲ. ತಪಾಸಣೆಯವರು ಮನೆ ಮನೆ ಹೊಕ್ಕು ನೀರಿನ ಪೀಪಾಯಿಗಳಿಗೆ ಮುಚ್ಚಳ ಹಾಕಿಸಿದರು, ನಿಂತ ನೀರಿಗೆ ಎಣ್ಣೆ ಹಾಕಿಸಿದರು. ಆ ವರ್ಷದೊಳಗೇ ಹವಾನಾದಿಂದ ಹಳದಿ ಜ್ವರ ಕಾಲ್ತೆಗೆಯಿತು. ಡಿಡಿಟಿ ಕೀಟನಾಶಕವೆಂದು ಗೊತ್ತಾಗುವುದಕ್ಕೆ ಇನ್ನೂ ಮೂವತ್ತೆಂಟು ವರ್ಷ ಇತ್ತು.

ಬರಿದು ಮಾಡಲಾಗದ ನೀರಿಗೆ ಬಿಟಿಐ ಎಂಬ ಬ್ಯಾಕ್ಟೀರಿಯಾದ ಪುಡಿಯೋ ಬಿಲ್ಲೆಯೋ ಸಿಗುತ್ತದೆ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಕೆಸರುಗುಂಡಿಯಲ್ಲಿ ಸಿಕ್ಕ ಜೀವಿ ಇದು. ಸೊಳ್ಳೆಯ ಮರಿ ಮತ್ತು ಅದರ ಹತ್ತಿರದ ಕೆಲವು ಬಂಧುಗಳ ಕರುಳನ್ನು ಕೆಡಿಸುತ್ತದೆ. ಮೀನು, ಹಕ್ಕಿ, ನಾಯಿಗಳಿಗೆ ತೊಂದರೆ ಮಾಡದು. ಸೊಳ್ಳೆ ತಿನ್ನುವ ಮೀನನ್ನು ತೊಟ್ಟಿಯಲ್ಲಿ ಬಿಡುವುದಾದರೆ ಅದು ತೊಟ್ಟಿಯಲ್ಲೇ ಇರಲಿ. ಗಂಬೂಸಿಯಾ ಮೀನನ್ನು ಕೆರೆ, ಹಳ್ಳಕ್ಕೆ ಬಿಟ್ಟ ಕಡೆಯೆಲ್ಲ ಅದು ಅಲ್ಲಿನ ಮೀನುಮರಿ, ಕಪ್ಪೆಮರಿಗಳನ್ನೂ ಮುಗಿಸಿದೆ.

ಡೆಂಗಿ ಹಬ್ಬಿರುವಾಗ ಹೊಗೆಗೆ ಒಂದು ಪಾತ್ರ ಇದೆ, ಅಲ್ಲಗಳೆಯುವುದಿಲ್ಲ. ವಾರ ವಾರದ ಶಾಸ್ತ್ರವಾಗಿ ಅದು ಬೇಡ.

ಪ್ರಶ್ನೆ: ನಾಯಿಗೆ ಉಣುಗು ಆಗಬಾರದೆಂದು ಬೆನ್ನಿಗೆ ಹಾಕುವ ಹನಿ ಔಷಧ ಉಳಿದಿದೆ. ಬೆಕ್ಕಿಗೆ ಅರ್ಧ ಹಾಕಬಹುದೇ?

ಉತ್ತರ: ಬೇಡ. ಅರ್ಧವೂ ಬೇಡ, ಕಾಲು ಭಾಗವೂ ಬೇಡ. ನಾಯಿಯ ಹನಿ ಔಷಧಗಳಲ್ಲಿ ಹಲವುಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ಅದನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಈಗಾಗಲೇ ಹಾಕಿದ್ದು, ಬೆಕ್ಕು ನಡುಗುತ್ತಿದ್ದರೆ ಪತ್ರಿಕೆ ಕೆಳಗಿಟ್ಟು ಪಶುವೈದ್ಯರ ಬಳಿಗೆ ಓಡಿ.

ಪ್ರಶ್ನೆ: ಹಸುಗಳಿಗೆ ಉಣುಗಿನ ಔಷಧ ಹದಿನೈದು ದಿನಕ್ಕೊಮ್ಮೆ ಹಾಕುತ್ತಿದ್ದೆ. ಈಗ ವಾರಕ್ಕೊಮ್ಮೆ, ಎರಡರಷ್ಟು ಗಟ್ಟಿಯಾಗಿ ಹಾಕಿದರೂ ಉದುರುತ್ತಿಲ್ಲ. ಇನ್ನೂ ಗಟ್ಟಿ ಮಾಡಲೇ?
— ಹೈನುಗಾರರೊಬ್ಬರು

ಉತ್ತರ: ದಯವಿಟ್ಟು ನಿಲ್ಲಿಸಿ. ನೀವು ಗಟ್ಟಿ ಮಾಡಿದಷ್ಟೂ ಅದನ್ನು ತಡೆದುಕೊಳ್ಳುವ ಉಣುಗುಗಳನ್ನೇ ಆರಿಸಿ ಸಾಕಿದಂತಾಗುತ್ತದೆ. ಸೂಕ್ಷ್ಮವಾದವು ಸತ್ತವು, ಗಟ್ಟಿಗ ಉಣುಗುಗಳು ಮೊಟ್ಟೆ ಇಟ್ಟವು. ಹೊಟ್ಟೆ ತುಂಬಿ ನೆಲಕ್ಕೆ ಬಿದ್ದ ಒಂದು ಹೆಣ್ಣು ಉಣುಗು ಎರಡು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ನಿಮ್ಮ ಕೊಟ್ಟಿಗೆಯ ಉಣುಗುಗಳಲ್ಲಿ ಹೆಚ್ಚಿನ ಪಾಲು ಈ ಕ್ಷಣ ಹಸುವಿನ ಮೈಮೇಲೆ ಇಲ್ಲ. ಗೋಡೆಯ ಬಿರುಕಿನಲ್ಲಿ, ಗೊಂತಿನ ಸಂದಿಯಲ್ಲಿ, ಹುಲ್ಲಿನ ತುದಿಯಲ್ಲಿ ಇವೆ. ಬಿರುಕಿಗೆ ಗಾರೆ ಮೆತ್ತಿ, ಸಗಣಿ ಕಸ ದಿನವೂ ತೆಗೆಯಿರಿ, ಮೇಯುವ ಜಾಗವನ್ನು ಸರದಿಯಲ್ಲಿ ಬದಲಿಸಿ. ಕೋಳಿಗಳಿದ್ದರೆ ಕೊಟ್ಟಿಗೆಯ ಸುತ್ತ ಬಿಡಿ, ಆದರೆ ಔಷಧ ಸಿಂಪಡಿಸಿದ ದಿನಗಳಲ್ಲಿ ಖಂಡಿತ ಬೇಡ. ಔಷಧದ ಗುಂಪನ್ನೇ ಬದಲಿಸಬೇಕೇ ಎಂಬುದನ್ನು ಪಶುವೈದ್ಯರು ಹೇಳಲಿ, ಅಳತೆಯನ್ನು ಚೀಟಿ ಹೇಳಲಿ.

ಇನ್ನೊಂದು ಮಾತು ಕಠಿಣವಾಗಿಯೇ ಹೇಳುತ್ತೇನೆ. ಔಷಧ ಹಾಕಿದ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ವಾರಕ್ಕೊಮ್ಮೆ ಎರಡು ಪಟ್ಟು ಹಾಕುವವರಿಗೆ ಆ ಲೆಕ್ಕ ಉಳಿಯುವುದೇ ಇಲ್ಲ. ಆ ಹಾಲು ಯಾರದೋ ಮಗುವಿನ ಲೋಟಕ್ಕೆ ಹೋಗುತ್ತದೆ.

ಪ್ರಶ್ನೆ: ಇಷ್ಟೆಲ್ಲ ತೊಂದರೆ ಕೊಡುವ ಜೀವಿಗಳನ್ನು ಪೂರ್ತಿ ನಿರ್ನಾಮ ಮಾಡಿಬಿಟ್ಟರೆ ಆಗದೇ?
— ಕಾಲೇಜು ವಿದ್ಯಾರ್ಥಿನಿ

ಉತ್ತರ: ಚೀನಾದಲ್ಲಿ 1958ರಲ್ಲಿ ಇಲಿ, ನೊಣ, ಸೊಳ್ಳೆ, ಗುಬ್ಬಚ್ಚಿ ಈ ನಾಲ್ಕನ್ನು ಅಳಿಸಲು ಹೊರಟರು. ಗುಬ್ಬಿ ಕಾಳು ತಿನ್ನುತ್ತದೆ ಎಂಬುದು ಕಾರಣ. ಜನ ತಟ್ಟೆ, ತಮಟೆ ಬಡಿದು ಗುಬ್ಬಿಗಳನ್ನು ಎಲ್ಲೂ ಕೂರಗೊಡದೆ ಹಾರಿಸಿ ಸುಸ್ತಾಗಿ ಬೀಳುವಂತೆ ಮಾಡಿದರು. ಗುಬ್ಬಿ ತನ್ನ ಮರಿಗೆ ಹುಳುಗಳನ್ನು ಉಣಿಸುತ್ತದೆ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಬೆಳೆಯ ಮೇಲೆ ಹುಳುಗಳ ಹಾವಳಿ ಹೆಚ್ಚಿತು. 1960ರಲ್ಲಿ ಪಟ್ಟಿಯಿಂದ ಗುಬ್ಬಿಯ ಹೆಸರು ತೆಗೆದು ತಿಗಣೆಯ ಹೆಸರು ಸೇರಿಸಿದರು. ಆ ವರ್ಷಗಳ ಭೀಕರ ಕ್ಷಾಮಕ್ಕೆ ಬೇರೆ ದೊಡ್ಡ ಕಾರಣಗಳಿದ್ದವು, ಆದರೆ ಇದೂ ಒಂದು.

ಹಾಗೆಂದು ಒಂದು ಕೀಟವನ್ನು ಒಂದು ಪ್ರದೇಶದಿಂದ ತೆಗೆಯಲೇ ಆಗದು ಎಂದಲ್ಲ. ಸ್ಕ್ರೂವರ್ಮ್ ಎಂಬ ನೊಣ ದನ, ಜಿಂಕೆ, ನಾಯಿ, ಮನುಷ್ಯ ಯಾರದೇ ಗಾಯದ ಮೇಲೆ ಮೊಟ್ಟೆ ಇಟ್ಟರೂ ಹುಳುಗಳು ಜೀವಂತ ಮಾಂಸವನ್ನೇ ತಿನ್ನುತ್ತವೆ. ಅದರ ಹೆಣ್ಣು ಸಾಮಾನ್ಯವಾಗಿ ಬಾಳಿನಲ್ಲಿ ಒಮ್ಮೆ ಮಾತ್ರ ಕೂಡುತ್ತದೆ ಎಂಬುದನ್ನು ಗಮನಿಸಿದವರು ಅಮೆರಿಕದ ಕೀಟ ವಿಜ್ಞಾನಿಗಳಾದ ಎಡ್ವರ್ಡ್ ನಿಪ್ಲಿಂಗ್ ಮತ್ತು ರೇಮಂಡ್ ಬುಶ್‌ಲ್ಯಾಂಡ್. ವಿಕಿರಣದಿಂದ ಬಂಜೆ ಮಾಡಿದ ಗಂಡು ನೊಣಗಳನ್ನು ರಾಶಿ ರಾಶಿಯಾಗಿ ಬಿಟ್ಟರೆ? 1954ರಲ್ಲಿ ಕ್ಯುರಸಾವೊ ದ್ವೀಪದಲ್ಲಿ ಬಿಟ್ಟು ನೋಡಿದರು, ಕೆಲವೇ ತಿಂಗಳಲ್ಲಿ ಅಲ್ಲಿ ಆ ನೊಣ ಇಲ್ಲವಾಯಿತು. 1988ರಲ್ಲಿ ಲಿಬಿಯಾದಲ್ಲಿ ಅದು ಕಾಣಿಸಿಕೊಂಡಾಗಲೂ ಇದೇ ಉಪಾಯದಿಂದ 1992ರ ಹೊತ್ತಿಗೆ ಆಫ್ರಿಕ ಖಂಡ ಪಾರಾಯಿತು. ಗುಬ್ಬಿಯ ಕಥೆಗೂ ಇದಕ್ಕೂ ಇರುವ ಅಂತರ ನೋಡಿ, ತಾಯಿ. ಇವರು ಆ ನೊಣದ ಬದುಕನ್ನು ವರ್ಷಗಟ್ಟಲೆ ಕುಳಿತು ನೋಡಿದ್ದರು. ಅದರ ಪಕ್ಕದಲ್ಲಿದ್ದ ಇನ್ನೊಂದು ನೊಣಕ್ಕೂ ಪೆಟ್ಟಾಗಲಿಲ್ಲ.

ಪ್ರಶ್ನೆ: ಮಗನಿಗೆ ಉಬ್ಬಸ. ಜಿರಳೆಯೂ ಕಾರಣ ಎನ್ನುತ್ತಾರೆ ವೈದ್ಯರು. ಸ್ಪ್ರೇ ಹೊಡೆದರೆ ಅವನಿಗೆ ಕೆಮ್ಮು ಜಾಸ್ತಿಯಾಗುತ್ತದೆ.

ಉತ್ತರ: ಸ್ಪ್ರೇ ಇಂದೇ ನಿಲ್ಲಲಿ. ಅದು ಹೊರಗೆ ಕಂಡ ನಾಲ್ಕನ್ನು ಕೊಂದು ಉಳಿದವನ್ನು ಗೋಡೆಯ ಇನ್ನಷ್ಟು ಒಳಕ್ಕೆ ಓಡಿಸುತ್ತದೆ. ಜಿರಳೆಗೆಂದೇ ಬರುವ ಜೆಲ್ ಆಮಿಷವನ್ನು ಅಕ್ಕಿಕಾಳಿನಷ್ಟು ಗಾತ್ರದಲ್ಲಿ ಕಪಾಟಿನ ಕೀಲು, ಸಿಂಕಿನ ಅಡಿ, ಫ್ರಿಜ್ಜಿನ ಹಿಂದೆ, ಮಗುವಿನ ಕೈಗೆ ಸಿಗದ ಸಂದುಗಳಲ್ಲಿ ಇಡಿ. ಜೆಲ್ ಇಟ್ಟ ಜಾಗದ ಹತ್ತಿರ ಸ್ಪ್ರೇ ಹೊಡೆದರೆ ಜಿರಳೆ ಅತ್ತ ಸುಳಿಯುವುದೇ ಇಲ್ಲ. ರಾತ್ರಿ ಸಿಂಕ್ ಒಣಗಿರಲಿ. ಹಸಿವನ್ನಾದರೂ ಜಿರಳೆ ತಡೆದೀತು, ಬಾಯಾರಿಕೆಯನ್ನು ತಡೆಯದು. ಉಬ್ಬಸ ಕೆರಳಿಸುವುದು ಅದರ ಹಿಕ್ಕೆ, ಜೊಲ್ಲು ಮತ್ತು ಕಳಚಿದ ಸಿಪ್ಪೆಯ ಪುಡಿ. ಜಿರಳೆ ಸತ್ತ ಮೇಲೂ ಅದು ಅಲ್ಲೇ ಇರುತ್ತದೆ. ಹಾಗಾಗಿ ಕಪಾಟುಗಳನ್ನು ಬರಿದು ಮಾಡಿ ಸೋಪಿನ ನೀರಿನಲ್ಲಿ ಒರೆಸಬೇಕು, ಆ ಹೊತ್ತು ಮಗ ಮನೆಯಲ್ಲಿ ಇರಬಾರದು.

ಪ್ರಶ್ನೆ: ಕಾಳಿಗೆ ನುಸಿ ಹಿಡಿಯದಂತೆ ಗೋದಾಮಿನಲ್ಲಿ ಇಡುವ ಮಾತ್ರೆಯನ್ನು ಮನೆಯ ಡಬ್ಬಿಯಲ್ಲಿ ಇಡಬಹುದೇ?

ಉತ್ತರ: ಎಂದೆಂದಿಗೂ ಕೂಡದು. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದರೆ ಫಾಸ್ಫೀನ್ ಅನಿಲ ಹೊರಬರುತ್ತದೆ, ಅದಕ್ಕೆ ಪ್ರತಿವಿಷ ಇಲ್ಲ. ಮಲಗಿದ್ದಲ್ಲೇ ಇಡೀ ಮನೆಮಂದಿ ಹೋದದ್ದುಂಟು. ಕಾಳನ್ನು ಚೆನ್ನಾಗಿ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿ ತುಂಬಿ ಇಡಿ, ಒಳಗಿನ ಆಮ್ಲಜನಕ ತೀರಿದರೆ ನುಸಿ ತಾನಾಗಿ ಸಾಯುತ್ತದೆ. ನುಸಿ ಕೊರೆದು ಬೂಷ್ಟು ಹಿಡಿದ ಕಾಳನ್ನು ದನಕ್ಕೂ ಹಾಕಬೇಡಿ. ಬೂಷ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷ ರೂಪ ಬದಲಿಸಿಕೊಂಡು ಹಾಲಿನಲ್ಲಿ ಬರುತ್ತದೆ.

ಪ್ರಶ್ನೆ: ನಾನು ಎರಡು ವರ್ಷದಿಂದ ಸಿಂಪಡಣೆ ಕೆಲಸದಲ್ಲಿದ್ದೇನೆ. ಸಂಜೆಯಾದರೆ ತಲೆನೋವು, ಬಾಯಲ್ಲಿ ನೀರು, ಕಣ್ಣು ಮಂಜು. ಜೊತೆಯವರು ಅಭ್ಯಾಸವಾಗುತ್ತದೆ ಎನ್ನುತ್ತಾರೆ. ನಿಜವೇ, ಸರ್?

ಉತ್ತರ: ತಮ್ಮಾ, ನನಗೂ ಹಾಗೆಯೇ ಹೇಳಿದ್ದರು. ಇದಕ್ಕೆ ದೇಹ ಒಗ್ಗುವುದಿಲ್ಲ. ನೀನು ಹೇಳಿದ ಲಕ್ಷಣಗಳು ಆರ್ಗನೋಫಾಸ್ಫೇಟ್ ಅಥವಾ ಕಾರ್ಬಮೇಟ್ ಗುಂಪಿನ ಔಷಧ ಮೈಗೆ ಇಳಿಯುತ್ತಿರುವ ಲಕ್ಷಣಗಳು. ಕೀಟದ ನರಕ್ಕೆ ಏನು ಮಾಡುತ್ತದೋ ನಿನ್ನ ನರಕ್ಕೂ ಅದನ್ನೇ ಮಾಡುತ್ತದೆ. ಅದು ಹೆಚ್ಚಾಗಿ ಒಳಗೆ ಹೋಗುವುದು ಚರ್ಮದ ಮೂಲಕ. ಉಸಿರಿನ ಮೂಲಕ ಎಂದು ನಾವೆಲ್ಲ ತಪ್ಪಾಗಿ ತಿಳಿದಿದ್ದೆವು. ಸೋರುವ ಡಬ್ಬಿಯಿಂದ ಬೆನ್ನಿಗೆ ಇಳಿದ ತೇವ, ನಾಜಲ್ ಕಟ್ಟಿಕೊಂಡಾಗ ಬಾಯಿಟ್ಟು ಊದುವುದು, ಬೆರಳಿನಲ್ಲಿ ಕಲಕುವುದು. ನಾನು ಇವನ್ನೆಲ್ಲ ಮಾಡಿದ್ದೇನೆ. ನೈಟ್ರೈಲ್ ಕೈಗವಸು, ಉದ್ದ ತೋಳಿನ ಅಂಗಿ, ಗಂಬೂಟು, ತಕ್ಕ ಮುಖಗವಸು ಕೊಡುವುದು ಕೆಲಸ ಕೊಟ್ಟವರ ಹೊಣೆ. ಕೇಳು, ಸಂಕೋಚ ಬೇಡ. ಪ್ಯಾಂಟನ್ನು ಬೂಟಿನೊಳಗೆ ತುರುಕಬೇಡ, ಹೊರಗೆ ಬಿಡು, ಹನಿ ಒಳಗೆ ಇಳಿಯದಿರಲಿ. ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಬೇಡ. ಮಗುವನ್ನು ಎತ್ತಿಕೊಳ್ಳುವ ಮೊದಲು ಸ್ನಾನ.

ಆದರೆ ಇದೆಲ್ಲ ಆಮೇಲೆ. ನಾಳೆ ಕೆಲಸಕ್ಕೆ ಹೋಗಬೇಡ. ನೀನು ಬಳಸುವ ಡಬ್ಬಿಗಳ ಮೇಲಿನ ಚೀಟಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ದೊಡ್ಡ ಆಸ್ಪತ್ರೆಗೆ ಹೋಗು. ರಕ್ತದಲ್ಲಿ ಕೋಲಿನೆಸ್ಟರೇಸ್ ಮಟ್ಟ ಪರೀಕ್ಷೆ ಮಾಡಬೇಕೆಂದು ವೈದ್ಯರಿಗೆ ಹೇಳು. ಈ ಪದವನ್ನು ಒಂದು ಚೀಟಿಯಲ್ಲಿ ಬರೆದುಕೋ. ವರದಿ ಬಂದ ಮೇಲೆ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆ. ನಾನು ಕಾಯುತ್ತಿರುತ್ತೇನೆ.